ಕೊನೆಯ ಬಸ್ಸಿನಿಂದ ಹಿಂದಕ್ಕೆ: ಜಪಾನಿನ ನಾಸು ಜ್ವಾಲಾಮುಖಿಯನ್ನು ರೈಲು, ಬಸ್ಸಿನಲ್ಲೇ ಹೋಗಿ ಹತ್ತಿ ಬರುವ ಬಗೆ

ಊರಿನಿಂದ ಟೋಕಿಯೋಗೆ ಬಂದವರು "ಒಂದು ಜ್ವಾಲಾಮುಖಿ ಹತ್ತಬೇಕು ಕಣ್ರೀ" ಅಂದರೆ, ಅವರ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಎತ್ತರ?" ನನ್ನ ಉತ್ತರವೂ ಒಂದೇ: "ಎತ್ತರ ಬಿಡಿ, ವಾಪಸ್ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ."

ಇದನ್ನು ಕಲಿತದ್ದು ಪೆಟ್ಟು ತಿಂದು. ಮೊದಲ ಸಲ ನಾಸು ಬೆಟ್ಟ ಹತ್ತಿದಾಗ ಇಳಿಯುವ ದಾರಿಯಲ್ಲಿ ಕಂಡ ಕಂಡ ಕಲ್ಲಿಗೆಲ್ಲ ಫೋಟೋ ತೆಗೆಯುತ್ತಾ ಬಂದೆ. ಕೆಳಗೆ ಬಂದು ರಸ್ತೆಗೆ ಕಾಲಿಡುವುದಕ್ಕೂ ಬಸ್ಸು ತಿರುವಿನಲ್ಲಿ ಮರೆಯಾಗುವುದಕ್ಕೂ ಸರಿಹೋಯಿತು. ಮುಂದಿನದೇ ಆ ದಿನದ ಕೊನೆಯದು, ಅದಕ್ಕೆ ಒಂದು ಗಂಟೆಗೂ ಜಾಸ್ತಿ ಕಾಯಬೇಕು. ಬೆವರು ಆರಿ ನಡುಕ ಹತ್ತಿತ್ತು. ಮಾರಾಟ ಯಂತ್ರದಿಂದ ಬಿಸಿ ಹಾಲು ಚಹಾದ ಬಾಟಲಿ ತೆಗೆದುಕೊಂಡು, ಕುಡಿಯುವ ಬದಲು ಕೆನ್ನೆಗೆ ಒತ್ತಿಕೊಂಡು ಕೂತಿದ್ದೆ. ಅದೂ ತಪ್ಪಿದ್ದರೆ? ಆ ಎತ್ತರದಿಂದ ರೈಲು ನಿಲ್ದಾಣಕ್ಕೆ ಟ್ಯಾಕ್ಸಿ ಎಂದರೆ ಜೇಬು ಬರಿದು.

ಅದಕ್ಕೇ ಈ ಬರಹ ತಲೆಕೆಳಗಾಗಿ ಯೋಜನೆ ಹಾಕುವುದನ್ನು ಹೇಳುತ್ತದೆ. ಮೊದಲು ಕೊನೆಯ ಬಸ್ಸು, ಆಮೇಲೆ ಶಿಖರ.

ಇಷ್ಟೊಂದು ಬೆಟ್ಟಗಳಿರುವಾಗ ನಾಸು ಯಾಕೆ

ಜಪಾನಿನಲ್ಲಿ ಸಕ್ರಿಯ ಎಂದು ಲೆಕ್ಕಕ್ಕೆ ತೆಗೆದುಕೊಂಡಿರುವ ಜ್ವಾಲಾಮುಖಿಗಳು 111. ಎಲ್ಲವನ್ನೂ ಹತ್ತಲಾಗುವುದಿಲ್ಲ. ದಿನಾ ಬೂದಿ ಉಗುಳುವ ಸಕುರಾಜಿಮಾದ ತುದಿಗೆ 1955ರಿಂದಲೇ ಪ್ರವೇಶವಿಲ್ಲ. ಅಸಾಮಾ ಬೆಟ್ಟದ ದಾರಿಗಳು ಎಚ್ಚರಿಕೆಯ ಹಂತ ಬದಲಾದ ಹಾಗೆ ತೆರೆಯುತ್ತವೆ, ಮುಚ್ಚುತ್ತವೆ. ಫುಜಿಯೂ ಸಕ್ರಿಯವೇ, ಕೊನೆಗೆ ಸಿಡಿದದ್ದು 1707ರಲ್ಲಿ. ಆದರೆ ಅಲ್ಲಿ ನೀವು ನೋಡುವುದು ಜ್ವಾಲಾಮುಖಿಗಿಂತ ಜಾಸ್ತಿ ಮುಂದಿನವರ ಬೆನ್ನನ್ನು.

ನಾಸು ಇರುವುದು ತೊಚಿಗಿ ಪ್ರಾಂತ್ಯದ ಉತ್ತರ ತುದಿಯಲ್ಲಿ. ಒಂದಷ್ಟು ಶಿಖರಗಳ ಸಾಲು ಅದು. ಅದರಲ್ಲಿ ಈಗಲೂ ಹೊಗೆಯಾಡುತ್ತಿರುವುದು ಚಾವುಸುದಾಕೆ, 1,915 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಲ್ವಾ, ಹೆಚ್ಚು ಕಡಿಮೆ ಅಷ್ಟೇ. ಚಾವುಸು ಎಂದರೆ ಚಹಾ ಎಲೆ ಪುಡಿ ಮಾಡುವ ಬೀಸುಕಲ್ಲು. ದೂರದಿಂದ ನೋಡಿದರೆ ಬೀಸುಕಲ್ಲು ಬೋರಲು ಹಾಕಿದ ಹಾಗೇ ಇದೆ. ಮಂದವಾದ ಲಾವಾ ಹರಿದು ಹೋಗದೆ ಜ್ವಾಲಾಮುಖಿಯ ಬಾಯಿಯಲ್ಲೇ ಗುಡ್ಡೆ ಕಟ್ಟಿಕೊಂಡದ್ದರಿಂದ ಆ ಆಕಾರ. ಅದು 1408ರಿಂದ 1410ರವರೆಗಿನ ಸಿಡಿತದಲ್ಲಿ ಆದದ್ದು. ಆಗ 180ಕ್ಕೂ ಹೆಚ್ಚು ಜನ ಸತ್ತರು. 1881ರಲ್ಲಿ ಇನ್ನೊಮ್ಮೆ ಸಿಡಿಯಿತು. 1960 ಮತ್ತು 1963ರಲ್ಲಿ ಸಣ್ಣದಾಗಿ ಗೊರಕೆ ಹೊಡೆಯಿತು.

ಇನ್ನೊಂದು ಕಾರಣ ಸೋಮಾರಿತನದ್ದು. ಟೋಕಿಯೋದಿಂದ ಒಂದು ರೈಲು, ಒಂದು ಬಸ್ಸು, ಒಂದು ರೋಪ್‌ವೇ. ಅಷ್ಟು ಹತ್ತಿಳಿದರೆ ಹೊಗೆಯ ಪಕ್ಕಕ್ಕೆ ಹೋಗುತ್ತೀರಿ. ಕುದುರೆಮುಖಕ್ಕೆ ಮಾಡುವ ಹಾಗೆ ಮುಂಗಡ ಅನುಮತಿ ಬೇಡ, ಜೀಪು ಬೇಡ, ಗೈಡ್ ಬೇಡ. ಕೇಳುವವರು ಯಾರೂ ಇಲ್ಲದ ಕಾರಣ, ಎಲ್ಲವನ್ನೂ ನಾವೇ ಕೇಳಿಕೊಳ್ಳಬೇಕು.

ಹೆಜ್ಜೆ 1: ಬೆಟ್ಟದ ಮನಸ್ಸು ತಿಳಿಯಿರಿ

ಜಪಾನಿನ ಹವಾಮಾನ ಇಲಾಖೆಯ ಹೆಸರು ಕಿಶೋಚೋ. ಸುಮಾರು 50 ಜ್ವಾಲಾಮುಖಿಗಳನ್ನು ಅದು ಹಗಲೂ ರಾತ್ರಿ ಕಾಯುತ್ತದೆ. ನಾಸು ಅದರಲ್ಲೊಂದು. ಪ್ರತಿ ಬೆಟ್ಟಕ್ಕೂ 1ರಿಂದ 5ರವರೆಗೆ ಒಂದು ಎಚ್ಚರಿಕೆಯ ಹಂತ ಇರುತ್ತದೆ. 2 ಎಂದರೆ ಬಾಯಿಯ ಹತ್ತಿರ ಹೋಗಬೇಡಿ. 3 ಎಂದರೆ ಬೆಟ್ಟದ ಹತ್ತಿರವೇ ಬೇಡ. 4 ಮತ್ತು 5 ಊರು ಖಾಲಿ ಮಾಡುವ ಮಾತು. ಇಲಾಖೆಯ ಜಾಲತಾಣದಲ್ಲಿ ಇಂಗ್ಲಿಷಿನಲ್ಲೂ ಸಿಗುತ್ತದೆ. ಹೊರಡುವ ವಾರ ಒಮ್ಮೆ, ಹಿಂದಿನ ರಾತ್ರಿ ಒಮ್ಮೆ, ಬಸ್ಸಿನಲ್ಲಿ ಕೂತು ಒಮ್ಮೆ ನೋಡಿ.

ಹಂತ 1 ಇದ್ದರೆ ಹೋಗಬಹುದು. ಆದರೆ 1 ಎಂದರೆ "ಏನೂ ಆಗಲ್ಲ" ಅಂತ ಓದಿಕೊಳ್ಳಬೇಡಿ. ಈ ಪಾಠ ಜಪಾನಿಗೇ ದುಬಾರಿಯಾಗಿ ಬಂತು. 2014ರ ಸೆಪ್ಟೆಂಬರ್ 27, ಶನಿವಾರ, ಎಲೆಗಳು ಕೆಂಪಾಗುವ ಕಾಲ. ಓಂತಾಕೆ ಎಂಬ ಇನ್ನೊಂದು ಜ್ವಾಲಾಮುಖಿಯ ತುದಿಯಲ್ಲಿ ನೂರಾರು ಜನ ಊಟದ ಡಬ್ಬಿ ತೆರೆಯುವ ಹೊತ್ತು. 11 ಗಂಟೆ 52 ನಿಮಿಷಕ್ಕೆ ಬೆಟ್ಟ ಸಿಡಿಯಿತು. 58 ಜನ ಸತ್ತರು, ಐವರು ಇಂದಿಗೂ ಸಿಕ್ಕಿಲ್ಲ. ಆ ಬೆಳಿಗ್ಗೆ ಓಂತಾಕೆಯ ಹಂತ 1 ಇತ್ತು. ಆಗ 1ಕ್ಕೆ ಇದ್ದ ಹೆಸರೇ "ಮಾಮೂಲು" ಎಂಬ ಅರ್ಥದ್ದು. ಮುಂದಿನ ವರ್ಷ ಅದನ್ನು ತೆಗೆದು "ಇದು ಸಕ್ರಿಯ ಜ್ವಾಲಾಮುಖಿ ಎಂಬುದು ನೆನಪಿರಲಿ" ಎಂದು ಬದಲಾಯಿಸಿದರು.

ಅಲ್ಲಿ ಆದದ್ದು ಲಾವಾ ಉಕ್ಕುವ ಬಗೆಯ ಸಿಡಿತವಲ್ಲ. ಒಳಗಿನ ಬಿಸಿಗೆ ನೆಲದ ನೀರು ಹಬೆಯಾಗಿ, ಕುಕ್ಕರಿನ ಮುಚ್ಚಳ ಹಾರಿದ ಹಾಗೆ ಕಲ್ಲನ್ನು ಎತ್ತಿ ಎಸೆಯಿತು. ಈ ಬಗೆಯ ಸಿಡಿತಕ್ಕೆ ಮುನ್ಸೂಚನೆ ಕಡಿಮೆ. ನಾಸುವಿನಲ್ಲಿ 1881ರಲ್ಲಿ ಆದದ್ದೂ ಇದೇ ಜಾತಿಯದು. ಅಪಾಯ ಸೊನ್ನೆ ಆಗುವುದಿಲ್ಲ. ಬಾಯಿಯ ಹತ್ತಿರ ಕಳೆಯುವ ನಿಮಿಷಗಳನ್ನು ಕಡಿಮೆ ಮಾಡುವುದಷ್ಟೇ ನಮ್ಮ ಕೈಯಲ್ಲಿದೆ. ನಾನಂತೂ ತುದಿಯಲ್ಲಿ ಊಟದ ಡಬ್ಬಿ ತೆರೆಯುವುದಿಲ್ಲ.

ಹೆಜ್ಜೆ 2: ತಿಂಗಳು ಮತ್ತು ವಾರ

ರೋಪ್‌ವೇ ನಡೆಯುವುದು ಸುಮಾರಾಗಿ ಮಾರ್ಚ್ ನಡುವಿನಿಂದ ಡಿಸೆಂಬರ್ ಶುರುವಿನವರೆಗೆ. ಚಳಿಗಾಲದಲ್ಲಿ ಮೇಲಿನ ರಸ್ತೆಯೇ ಮುಚ್ಚುತ್ತದೆ. ಹಿಮದ ನಾಸು ಬೇರೆಯೇ ಬೆಟ್ಟ. 2017ರ ಮಾರ್ಚ್‌ನಲ್ಲಿ ಇಲ್ಲಿನ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಏಳು ಹೈಸ್ಕೂಲ್ ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ತೀರಿಕೊಂಡರು. ಹಿಮದಲ್ಲಿ ನಡೆದು ರೂಢಿ ಇಲ್ಲದವರು ಮೇ ಕೊನೆಯವರೆಗೆ ಕಾಯಿರಿ.

ಜೂನ್ ನಡುವಿನಿಂದ ಅಲ್ಲಿ ಮಳೆಗಾಲ. ಜುಲೈ, ಆಗಸ್ಟಿನಲ್ಲಿ ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಗುಡುಗು. ತೊಚಿಗಿಯ ಗುಡುಗಿಗೆ ಎಷ್ಟು ಹೆಸರೆಂದರೆ ಪ್ರಾಂತ್ಯದ ರಾಜಧಾನಿ ಉತ್ಸುನೊಮಿಯಾ ತನ್ನನ್ನು ಗುಡುಗಿನ ಪಟ್ಟಣ ಎಂದೇ ಕರೆದುಕೊಳ್ಳುತ್ತದೆ. ಮರವಿಲ್ಲದ ಬೋಳು ಬೆಟ್ಟದ ಮೇಲೆ ಗುಡುಗು ಬಂದರೆ ಅಲ್ಲಿ ಎತ್ತರದ ವಸ್ತು ನೀವೇ. ಬೇಸಿಗೆಯಲ್ಲಿ ಹೋದರೆ 12 ಗಂಟೆಯೊಳಗೆ ತುದಿಯಿಂದ ಇಳಿಯಲು ಶುರು ಮಾಡಿ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಎಲೆ ಕೆಂಪಾಗುವ ಕಾಲ. ಚೆಂದವೋ ಚೆಂದ. ಆದರೆ ಶನಿವಾರ, ಭಾನುವಾರ ಬೆಟ್ಟದ ರಸ್ತೆಯಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಬಸ್ಸೂ ಅದೇ ಸಾಲಿನಲ್ಲಿ. ಜಪಾನಿನ ಬಸ್ಸು ನಿಮಿಷ ತಪ್ಪುವುದಿಲ್ಲ ಎಂಬ ನಂಬಿಕೆಯನ್ನು ಆ ದಿನಗಳಲ್ಲಿ ಮನೆಯಲ್ಲೇ ಬಿಟ್ಟು ಬನ್ನಿ. ಸಾಧ್ಯವಾದರೆ ಮಂಗಳವಾರವೋ ಬುಧವಾರವೋ ಹೋಗಿ.

ಹೆಜ್ಜೆ 3: ಹಿಂದಕ್ಕೆ ಎಣಿಸಿ

ಇದೇ ಈ ಯೋಜನೆಯ ಬೆನ್ನುಮೂಳೆ. ಒಂದು ಕಾಗದ ತೆಗೆದುಕೊಳ್ಳಿ. ಫೋನು ಬೇಡ, ಕಾಗದವೇ ಇರಲಿ. ಬಸ್ ಕಂಪನಿಯ ಜಾಲತಾಣದಿಂದ ನೀವು ಹೋಗುವ ದಿನದ ವೇಳಾಪಟ್ಟಿ ತೆಗೆಯಿರಿ. ಇಲ್ಲಿ ಓಡಿಸುವುದು ಕಾಂತೋ ಬಸ್ಸಿನವರು. ಋತುವಿಗೆ ತಕ್ಕ ಹಾಗೆ, ವಾರದ ದಿನ ಮತ್ತು ರಜೆಗೆ ತಕ್ಕ ಹಾಗೆ ಪಟ್ಟಿ ಬದಲಾಗುತ್ತದೆ. ಹಳೆಯ ಫೋಟೋ ನಂಬಬೇಡಿ, ನನ್ನ ಮಾತನ್ನೂ ನಂಬಬೇಡಿ.

ಪಟ್ಟಿ ಓದುವಾಗ ಒಂದು ಬಲೆ ಇದೆ. ಎಲ್ಲ ಬಸ್ಸುಗಳೂ ರೋಪ್‌ವೇವರೆಗೆ ಹೋಗುವುದಿಲ್ಲ. ಕೆಲವು ಕೆಳಗಿನ ನಾಸು ಯುಮೊತೊ ಎಂಬ ಬಿಸಿನೀರಿನ ಊರಿನಲ್ಲೇ ಮುಗಿಯುತ್ತವೆ. ಯುಮೊತೊಗೆ ಬಸ್ಸು ಜಾಸ್ತಿ, ಬೆಟ್ಟಕ್ಕೆ ಕಡಿಮೆ.

ಈಗ ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಬೆಟ್ಟದಿಂದ ಇಳಿಯುವ ಕೊನೆಯ ಬಸ್ಸು ಯಾವುದು? ಅದಕ್ಕೆ ಅಡ್ಡಗೆರೆ ಹಾಕಿ. ಅದು ನಿಮ್ಮ ಬಸ್ಸಲ್ಲ, ನಿಮ್ಮ ವಿಮೆ. ಅದರ ಹಿಂದಿನದು ನಿಮ್ಮ ಬಸ್ಸು. ಲೆಕ್ಕಕ್ಕಿರಲಿ ಅಂತ ಅದು ಮಧ್ಯಾಹ್ನ 3:30ಕ್ಕೆ ಎಂದುಕೊಳ್ಳೋಣ. ಹಾಗಾದರೆ 3 ಗಂಟೆಗೆ ನಿಲ್ದಾಣದಲ್ಲಿರಬೇಕು. ಕಣಿವೆಯ ನೆತ್ತಿಯಲ್ಲಿರುವ ಮಿನೆನೋಚಾಯಾ ಎಂಬ ಜಾಗದಿಂದ ಕೆಳಕ್ಕೆ ಸುಮಾರು 50 ನಿಮಿಷ. ಅಂದರೆ 2 ಗಂಟೆಗೆ ಅಲ್ಲಿಂದ ಹೊರಡಬೇಕು. ತುದಿಯಿಂದ ಮಿನೆನೋಚಾಯಾಕ್ಕೆ ಮುಕ್ಕಾಲು ಗಂಟೆ ಹಿಡಿಯಿರಿ. ರೋಪ್‌ವೇ ಮೇಲಿನ ನಿಲ್ದಾಣದಿಂದ ತುದಿಗೆ 50 ನಿಮಿಷ. ಬಾಯಿಯ ಸುತ್ತ ಅರ್ಧ ಗಂಟೆ. ಹೀಗೆ ಎಣಿಸಿದರೆ ತುದಿ ಮಾತ್ರ ಸಾಕು ಅನ್ನುವವರು 11:30ಕ್ಕೆ ಮೇಲಿದ್ದರೂ ನಡೆಯುತ್ತದೆ. ಪಕ್ಕದ ಶಿಖರ ಅಸಾಹಿದಾಕೆಯೂ ಬೇಕು ಅಂದರೆ ಇನ್ನೂ ಒಂದೂವರೆ ಗಂಟೆ ಬೇಕು, ಆಗ 10 ಗಂಟೆಗೇ ನಡೆಯಲು ಶುರು ಮಾಡಬೇಕು.

ಇದಕ್ಕೆ ನಾನು "ನಮ್ಮ ತೆರಿಗೆ" ಸೇರಿಸುತ್ತೇನೆ: ಗುಂಪಿನಲ್ಲಿ ಎಷ್ಟು ಜನರಿದ್ದಾರೋ ತಲೆಗೆ ಐದು ನಿಮಿಷ. ಒಬ್ಬರಿಗೆ ಶೂ ಲೇಸು, ಒಬ್ಬರಿಗೆ ರೀಲ್ಸು, ಒಬ್ಬರಿಗೆ ಊರಿನಿಂದ ಅಮ್ಮನ ವಿಡಿಯೋ ಕಾಲು.

ಕಾಗದದ ಮೇಲೆ ಇನ್ನೊಂದು ಹೊತ್ತು ಬರೆದುಕೊಳ್ಳಿ: ಎಲ್ಲೇ ಇದ್ದರೂ ತಿರುಗಿ ಬರುವ ಹೊತ್ತು. ಮೇಲಿನ ಲೆಕ್ಕದಲ್ಲಿ ಅದು 1 ಗಂಟೆ. ಅಸಾಹಿದಾಕೆಗೆ ಹತ್ತೇ ನಿಮಿಷ ಉಳಿದಿದ್ದರೂ 1 ಗಂಟೆಗೆ ತಿರುಗಬೇಕು. ರೋಪ್‌ವೇಯಲ್ಲೇ ಇಳಿಯುವ ಯೋಚನೆ ಇದ್ದರೆ ಅದರ ಕೊನೆಯ ಸುತ್ತಿನ ಹೊತ್ತನ್ನೂ ಬರೆಯಿರಿ.

ಹೆಜ್ಜೆ 4: ರೈಲು

ಎರಡು ದಾರಿ ಇವೆ. ಟೋಕಿಯೋ ಅಥವಾ ಉಎನೊ ನಿಲ್ದಾಣದಿಂದ ತೊಹೊಕು ಶಿಂಕನ್‌ಸೆನ್ ಎಂಬ ಬುಲೆಟ್ ರೈಲು ಹಿಡಿದು ನಾಸುಶಿಯೊಬಾರಾದಲ್ಲಿ ಇಳಿಯುವುದು ಒಂದು. ಒಂದು ಗಂಟೆ ಹತ್ತು, ಹದಿನೈದು ನಿಮಿಷ, ಒಂದು ಕಡೆಗೆ ಸುಮಾರು 6,000 ಯೆನ್. ಹತ್ತಬೇಕಾದದ್ದು ನಾಸುನೊ ಎಂಬ ಹೆಸರಿನ ರೈಲು, ಅಥವಾ ಅಲ್ಲಿ ನಿಲ್ಲುವ ಯಾಮಾಬಿಕೊ. ಹಸಿರು ಬಣ್ಣದ ಹಾಯಾಬುಸಾ ನೋಡಲು ಚೆಂದ, ಆದರೆ ನಾಸುವನ್ನು ಕಣ್ಣೆತ್ತಿಯೂ ನೋಡದೆ ಹೋಗಿಬಿಡುತ್ತದೆ. ಬೆಳಿಗ್ಗೆ 7ರ ಆಸುಪಾಸಿನ ರೈಲು ಹಿಡಿದರೆ ಮೇಲಿನ ಲೆಕ್ಕ ಕೂಡಿಬರುತ್ತದೆ.

ಇನ್ನೊಂದು ದಾರಿ ಸಾಮಾನ್ಯ ರೈಲು. ಉಎನೊದಿಂದ ಉತ್ಸುನೊಮಿಯಾ, ಅಲ್ಲಿ ಬದಲಿಸಿ ಕುರೊಇಸೊ. ಮೂರು ಗಂಟೆಯ ಹತ್ತಿರ, ಖರ್ಚು ಸುಮಾರು ಅರ್ಧ. ವಿದ್ಯಾರ್ಥಿಗಳು ಹೀಗೇ ಹೋಗುತ್ತಾರೆ. ಒಂದೇ ದಿನದಲ್ಲಿ ಮುಗಿಸುವವರಿಗೆ ನನ್ನ ಸಲಹೆ: ಹೋಗುವಾಗ ಶಿಂಕನ್‌ಸೆನ್, ಬರುವಾಗ ಸಾಮಾನ್ಯ ರೈಲು. ಬೆಳಗಿನ ಒಂದೂವರೆ ಗಂಟೆಗೆ ಬೆಲೆ ಇದೆ. ಸಂಜೆಯದಕ್ಕೆ ಇಲ್ಲ, ಹೇಗೂ ನಿದ್ದೆ ಮಾಡುತ್ತೀರಿ.

ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ಜೆಆರ್ ಈಸ್ಟ್ ಎಂಬ ರೈಲು ಕಂಪನಿಯವರ ಟೋಕಿಯೋ ವೈಡ್ ಪಾಸ್ ಎಂಬ ಮೂರು ದಿನದ ಪಾಸು ಇದೆ. ಜಪಾನಿನಲ್ಲೇ ನೆಲೆಸಿರುವ ನಮ್ಮವರಿಗೂ ಕೊಡುತ್ತಾರೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾಸುಶಿಯೊಬಾರಾ ಅದರ ವ್ಯಾಪ್ತಿಯೊಳಗಿದೆ. ನಾಸು ಒಂದಕ್ಕೇ ಆದರೆ ನಷ್ಟ. ನಿಕ್ಕೋ, ಕರುಇಜಾವಾ ಜೊತೆಗೆ ಸೇರಿಸಿ ಮೂರು ದಿನ ತಿರುಗುವುದಾದರೆ ಲೆಕ್ಕ ಹಾಕಿ ನೋಡಿ.

ಹೆಜ್ಜೆ 5: ಬಸ್ಸು ಹತ್ತುವ ಕ್ರಮ

ನಾಸುಶಿಯೊಬಾರಾದಿಂದ ರೋಪ್‌ವೇಗೆ ಸುಮಾರು 75 ನಿಮಿಷ, ಕುರೊಇಸೊದಿಂದ ಒಂದು ಗಂಟೆ. ಊರಿನ ಬಸ್ಸುಗಳಲ್ಲಿ ಟೋಕಿಯೋದ ಕ್ರಮ ಇರುವುದಿಲ್ಲ. ಹತ್ತುವ ಬಾಗಿಲ ಬಳಿ ಒಂದು ಸಣ್ಣ ಯಂತ್ರ ಸಂಖ್ಯೆಯ ಚೀಟಿ ಉಗುಳುತ್ತದೆ. ಹೆಸರು ಸೇಇರಿಕೆನ್. ಮರೆಯದೆ ಎಳೆದುಕೊಳ್ಳಿ. ಮುಂದೆ ಚಾಲಕರ ತಲೆಯ ಮೇಲೆ ಒಂದು ಫಲಕ. ಅದರಲ್ಲಿ ನಿಮ್ಮ ಚೀಟಿಯ ಸಂಖ್ಯೆಯ ಕೆಳಗೆ ದರ ಏರುತ್ತಾ ಹೋಗುತ್ತದೆ, ಆಟೋ ಮೀಟರಿನ ಹಾಗೆ. ಇಳಿಯುವಾಗ ಚೀಟಿಯನ್ನೂ ಹಣವನ್ನೂ ಡಬ್ಬಿಗೆ ಹಾಕಬೇಕು.

ಇಲ್ಲಿ ಚಿಲ್ಲರೆಯ ಸಮಸ್ಯೆ. ಡಬ್ಬಿ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಪಕ್ಕದ ಯಂತ್ರದಲ್ಲಿ 1,000 ಯೆನ್ ನೋಟು ಮುರಿಸಿಕೊಂಡು ಸರಿಯಾಗಿ ಎಣಿಸಿ ಹಾಕಬೇಕು. 10,000ದ ನೋಟು ಹಿಡಿದು ನಿಂತರೆ ಹಿಂದಿನ ಮೂವತ್ತು ಜನ ಮಾತಾಡದೆ ಕಾಯುತ್ತಾರೆ. ಆ ಮೌನ ಬೈಗುಳಕ್ಕಿಂತ ಕಷ್ಟ. ಕಾರ್ಡು ನಡೆದರೆ ಒಳ್ಳೆಯದು, ನಡೆಯದಿದ್ದರೆ ಅಂತ 1,000ದ ನೋಟು ನಾಲ್ಕೈದು, ನಾಣ್ಯ ಒಂದು ಮುಷ್ಟಿ ಇಟ್ಟುಕೊಳ್ಳಿ. ಹತ್ತುವ ಮೊದಲು ಚಾಲಕರಿಗೆ "ನಾಸು ರೋಪ್‌ವೇ?" ಎಂದು ಒಮ್ಮೆ ಕೇಳಿ ಬಿಡಿ.

ಹೆಜ್ಜೆ 6: ಚೀಲ

ಟೋಕಿಯೋದಲ್ಲಿ 22 ಡಿಗ್ರಿ ಇದ್ದರೆ ಚಾವುಸುವಿನ ತುದಿಯಲ್ಲಿ ಹತ್ತರ ಆಸುಪಾಸು. ನೂರು ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಗಾಳಿ ಸೇರಿದರೆ ಮೈಗೆ ತಾಗುವ ಚಳಿ ಇನ್ನೂ ಜಾಸ್ತಿ. ಆದ್ದರಿಂದ ಅಕ್ಟೋಬರಿನಲ್ಲಿ ಟೋಪಿ, ಕೈಗವಸು ಕಡ್ಡಾಯ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಗಾಳಿ ತಡೆಯುವ ಮಳೆ ಅಂಗಿ ಬೇಕು. ಕೊಡೆ ಸುಮ್ನೆ ಭಾರ, ಮೊದಲ ಬೀಸಿಗೇ ತಾವರೆಯಾಗುತ್ತದೆ.

ಜ್ವಾಲಾಮುಖಿ ಅಂತ ಹೆಚ್ಚಿಗೆ ಬೇಕಾದದ್ದು ಮೂರು: ಹೆಲ್ಮೆಟ್, ಮಾಸ್ಕ್, ಕಣ್ಣಿಗೆ ಗಾಗಲ್. ಬೆಟ್ಟದ ಹೆಲ್ಮೆಟ್ ಇಲ್ಲದಿದ್ದರೆ ಸೈಕಲ್ಲಿನದಾದರೂ ಬರಿ ತಲೆಗಿಂತ ವಾಸಿ. ಜೊತೆಗೆ ತಲೆಗೆ ಕಟ್ಟುವ ಟಾರ್ಚು, ಕರಡಿಗೆ ಕೇಳುವ ಹಾಗೆ ಚೀಲಕ್ಕೆ ಕಟ್ಟುವ ಸಣ್ಣ ಗಂಟೆ, ಒಂದೂವರೆ ಲೀಟರ್ ನೀರು. ದಾರಿಯಲ್ಲಿ ನೀರಿಲ್ಲ. ಶೌಚಾಲಯವನ್ನು ರೋಪ್‌ವೇ ನಿಲ್ದಾಣದಲ್ಲೇ ಮುಗಿಸಿಕೊಳ್ಳಿ. ಆಸ್ತಮಾ ಇರುವವರು ಮೊದಲು ವೈದ್ಯರನ್ನು ಕೇಳಿ, ಗಂಧಕದ ಹೊಗೆ ಅವರಿಗೆ ಆಗುವುದಿಲ್ಲ.

ಊಟ. ಸಸ್ಯಾಹಾರಿಗಳು ಅಂಗಡಿಯ ಅನ್ನದುಂಡೆ ಒನಿಗಿರಿಯನ್ನು ನಂಬಿ ಹೋಗಬೇಡಿ. ಹುಳಿ ಹಣ್ಣಿನ ಉಮೆಬೊಶಿ ಇಟ್ಟದ್ದರಲ್ಲೂ ಎಷ್ಟೋ ಸಲ ಮೀನಿನ ಸಾರ ಸೇರಿರುತ್ತದೆ. ನಾನು ಹಿಂದಿನ ರಾತ್ರಿ ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕುತ್ತೇನೆ. ಚಳಿಗೆ ಅನ್ನ ಗಟ್ಟಿಯಾಗುತ್ತದೆ, ಎಣ್ಣೆ ಒಂದು ಚಮಚ ಜಾಸ್ತಿ ಇರಲಿ.

ಫೋನಿನಲ್ಲಿ ಯಾಮಾಪ್ ಎಂಬ ಆ್ಯಪ್ ಹಾಕಿ ನಾಸುವಿನ ನಕ್ಷೆ ಇಳಿಸಿಕೊಳ್ಳಿ, ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಸೇಫ್ಟಿ ಟಿಪ್ಸ್ ಎಂಬುದು ಭೂಕಂಪ, ಸಿಡಿತಗಳ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಕೊಡುತ್ತದೆ. ಇನ್ನು ತೋಝಾನ್ ತೊದೊಕೆ: ಯಾರು, ಎಲ್ಲಿಂದ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂಬ ಬೆಟ್ಟದ ಹಾಜರಿ ಚೀಟಿ. ಕಂಪಾಸ್ ಎಂಬ ಜಾಲತಾಣದಲ್ಲಿ ಮನೆಯಿಂದಲೇ ಕೊಡಬಹುದು. ಹಿಂದಕ್ಕೆ ಎಣಿಸಿ ಬರೆದ ಕಾಗದ ಇದ್ದರೆ ಅದನ್ನು ತುಂಬಲು ಐದು ನಿಮಿಷ ಸಾಕು. ಅದೇ ಕಾಗದದ ಒಂದು ಫೋಟೋ ಮನೆಯವರಿಗೂ ಕಳಿಸಿ.

ಹೆಜ್ಜೆ 7: ರೋಪ್‌ವೇ ನಿಂತಿದ್ದರೆ

ನಾಸುವಿನ ನಿಜವಾದ ಅಪಾಯ ಹೊಗೆಯಲ್ಲ, ಗಾಳಿ. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲೇ ಅವರ ಜಾಲತಾಣ ನೋಡಿ. "ಉನ್‌ಕ್ಯೂ" ಎಂದರೆ ಇಂದು ಓಡುವುದಿಲ್ಲ ಎಂದರ್ಥ.

ಇಲ್ಲಿಯೇ ಜನ ತಪ್ಪುವುದು. "ಇಷ್ಟು ದೂರ ಬಂದಿದ್ದೇವೆ, ನಡೆದೇ ಹತ್ತೋಣ" ಅನ್ನುತ್ತಾರೆ. ನಡೆದು ಹತ್ತುವ ದಾರಿ ಇದೆ, ನಿಜ. ಆದರೆ 111 ಜನರನ್ನು ಹೊರುವ ಡಬ್ಬಿಯನ್ನೇ ಗಾಳಿಗೆ ಹೆದರಿ ನಿಲ್ಲಿಸಿರುವಾಗ ನಮ್ಮ ಎಪ್ಪತ್ತು ಕೆಜಿಯ ಗತಿ ಏನು? 2023ರ ಅಕ್ಟೋಬರಿನಲ್ಲಿ ಅಸಾಹಿದಾಕೆಯ ಹತ್ತಿರ ಬಿರುಗಾಳಿಗೆ ಸಿಕ್ಕಿ, ಮೈಯ ಬಿಸಿ ಆರಿಹೋಗಿ, ನಾಲ್ವರು ಹಿರಿಯರು ಸತ್ತರು. ಹಿಮವಿರಲಿಲ್ಲ, ಸಿಡಿತವಿರಲಿಲ್ಲ. ಬರೀ ಗಾಳಿ ಮತ್ತು ಮಳೆ.

ನಾನೂ ಒಂದು ಅಕ್ಟೋಬರಿನಲ್ಲಿ ಮಿನೆನೋಚಾಯಾದವರೆಗೆ ಹೋಗಿ ಮರಳಿದ್ದೇನೆ. ಎರಡು ಬೆಟ್ಟದ ನಡುವಿನ ತಗ್ಗು ಅದು, ಗಾಳಿಗೆ ಕೊಳವೆ ಇದ್ದ ಹಾಗೆ. ನಿಲ್ಲಲಾಗದೆ ಕೂತೆ. ಕೂತಲ್ಲೇ ಜರುಗಿದೆ. ನಡುವಯಸ್ಸಿನ ಜಪಾನಿ ದಂಪತಿ ನಮ್ಮ ಮುಂದೆಯೇ ಒಂದು ಮಾತೂ ಆಡದೆ ತಿರುಗಿ ಇಳಿಯತೊಡಗಿದರು. ಅವರ ಹಿಂದೆ ನಾವೂ ಇಳಿದೆವು.

ಹೆಜ್ಜೆ 8: ನಡಿಗೆ

ಕೆಳಗಿನ ನಿಲ್ದಾಣ ಸುಮಾರು 1,390 ಮೀಟರಿನಲ್ಲಿದೆ, ಮೇಲಿನದು 1,684ರಲ್ಲಿ. ನಾಲ್ಕು ನಿಮಿಷದ ಸವಾರಿ. ಹೋಗುವ ಟಿಕೆಟ್ ಮಾತ್ರ ತೆಗೆದುಕೊಳ್ಳಿ, ಇಳಿಯುವುದು ಇನ್ನೊಂದು ಬದಿಯಿಂದ ನಡೆದು.

ಮೇಲೆ ಬಂದ ಕೂಡಲೇ ಜಲ್ಲಿ, ಮರಳಿನ ದಾರಿ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ. ಸಣ್ಣ ಹೆಜ್ಜೆ ಇಡಿ. ಆಮೇಲೆ ದೊಡ್ಡ ಕಲ್ಲುಗಳ ನಡುವೆ ಏರು. ಬಂಡೆಗಳ ಮೇಲೆ ಬಳಿದ ಬಣ್ಣದ ಗುರುತು ಹಿಡಿದು ಹೋಗಿ. ಮಂಜು ಮುಸುಕಿದರೆ ಆ ಗುರುತು ಬಿಟ್ಟು ಒಂದು ಹೆಜ್ಜೆಯೂ ಬೇಡ. ತುದಿಯಲ್ಲಿ ಒಂದು ಪುಟ್ಟ ಗುಡಿ ಇದೆ. ಹಳೆಯ ಬಾಯಿಯ ಅಂಚಿನಲ್ಲಿ ಒಂದು ಸುತ್ತು ಹಾಕಿ, ನೋಡಿ, ಫೋಟೋ ತೆಗೆದು, ಇಳಿಯಿರಿ.

ಮಿನೆನೋಚಾಯಾದಲ್ಲಿ ಗಟ್ಟಿಮುಟ್ಟಾದ ಒಂದು ಆಶ್ರಯ ಮನೆ ಇದೆ. ಹೆಸರಿನಲ್ಲಿ ಚಹಾ ಅಂಗಡಿ ಇದ್ದರೂ ಈಗ ಚಹಾ ಸಿಗುವುದಿಲ್ಲ. ಊಟಕ್ಕೆ ಇದೇ ಜಾಗ. ಇಲ್ಲಿ ಕಾಗದ ತೆಗೆದು ಗಡಿಯಾರ ನೋಡಿ. ಹೊತ್ತಿದ್ದು, ಗಾಳಿ ಇಲ್ಲದಿದ್ದರೆ ಮಾತ್ರ ಅಸಾಹಿದಾಕೆ, 1,896 ಮೀಟರ್. ಕಡಿದಾದ ಬಂಡೆಯ ಪಕ್ಕದಲ್ಲಿ ಸರಪಳಿ ಹಿಡಿದು ಹೋಗುವ ಜಾಗಗಳಿವೆ. ಅದರ ಮೊದಲ ಭಾಗದಲ್ಲಿ ಮೇ ತಿಂಗಳಲ್ಲೂ ಹಿಮ ಉಳಿದು ಜಾರುತ್ತದೆ. ಎತ್ತರಕ್ಕೆ ತಲೆ ತಿರುಗುವವರು ಬಿಟ್ಟುಬಿಡಿ. ಇಲ್ಲಿಂದ ನೋಡಿದರೇ ಅದು ಚೆಂದ.

ಮಕ್ಕಳು, ಅಪ್ಪ ಅಮ್ಮನ ಜೊತೆ ಬಂದವರಿಗೆ ಇನ್ನೊಂದು ದಾರಿ ಹೇಳುತ್ತೇನೆ, ನನಗೆ ತುದಿಗಿಂತ ಇದೇ ಇಷ್ಟ. ರೋಪ್‌ವೇಯಿಂದ ತುದಿಗೆ ಹೋಗದೆ ಎಡಕ್ಕೆ ಬೆಟ್ಟವನ್ನು ಬಳಸಿಕೊಂಡು ಹೋಗಿ. ಏರು ಕಡಿಮೆ. ಉಶಿಗಾಕುಬಿ, ಅಂದರೆ ಹಸುವಿನ ಕತ್ತು, ಎಂಬ ಜಾಗ ಬರುತ್ತದೆ. ಶರತ್ಕಾಲದಲ್ಲಿ ಅಲ್ಲಿಂದ ಕೆಳಗಿನ ಉಬಾಗಾದೈರಾ ಬಯಲು ಕುಂಕುಮ, ಅರಿಸಿನ ಚೆಲ್ಲಿದ ಹಾಗಿರುತ್ತದೆ. ಅಲ್ಲಿಂದ ಮಿನೆನೋಚಾಯಾದ ಕಡೆ ನಡೆದರೆ ಬೆಟ್ಟದ ಪಶ್ಚಿಮ ಬದಿ ಬುಸುಗುಡುತ್ತಾ ಹಬೆ ಬಿಡುವುದನ್ನು ಹತ್ತಿರದಿಂದ ನೋಡಬಹುದು. ಕಲ್ಲುಗಳ ಮೇಲೆ ಹಳದಿ ಗಂಧಕ. ಜಾಗದ ಹೆಸರು ಮುಗೆನ್ ಜಿಗೊಕು. ಬೌದ್ಧರ ಅವೀಚಿ ನರಕಕ್ಕೆ ಜಪಾನಿನ ಹೆಸರು ಅದು. ಇಲ್ಲಿ ನಿಲ್ಲದೆ ದಾಟಿ. ಗಾಳಿ ಇಲ್ಲದ ದಿನ ಹಳ್ಳದ ಕಡೆ ಇಳಿಯಬೇಡಿ. ಕೊಳೆತ ಮೊಟ್ಟೆ ವಾಸನೆಯ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂಡಿಕೊಳ್ಳುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ.

ಮಿನೆನೋಚಾಯಾದಿಂದ ಇಳಿಯುವ ದಾರಿ ಸುಲಭ. ತೋಗೆನೋಚಾಯಾದ ವಾಹನ ನಿಲುಗಡೆಗೆ ಬಂದು, ರಸ್ತೆಯಲ್ಲಿ ಇನ್ನೂ ಹತ್ತು ಹದಿನೈದು ನಿಮಿಷ ಇಳಿದರೆ ಬಸ್ಸು ನಿಲ್ಲುವ ಜಾಗ. ಈ ಕೊನೆಯ ಹದಿನೈದು ನಿಮಿಷವನ್ನೇ ನಾನು ಮೊದಲ ಸಲ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಿಡಿದರೆ

ವಿಡಿಯೋ ಮಾಡಬೇಡಿ. ಓಂತಾಕೆಯಲ್ಲಿ ಸತ್ತವರಲ್ಲಿ ಹೆಚ್ಚಿನವರಿಗೆ ಬಿದ್ದದ್ದು ಮೇಲಿನಿಂದ ಹಾರಿ ಬಂದ ಕಲ್ಲು. ಹೆಲ್ಮೆಟ್ ಹಾಕಿ, ಚೀಲವನ್ನು ತಲೆ ಮತ್ತು ಕತ್ತಿನ ಮೇಲಿಟ್ಟುಕೊಂಡು ಬಾಯಿಯಿಂದ ದೂರ ಹೋಗಿ. ಆಶ್ರಯ ಮನೆ ಹತ್ತಿರವಿದ್ದರೆ ಅದರೊಳಗೆ, ಇಲ್ಲದಿದ್ದರೆ ದೊಡ್ಡ ಬಂಡೆಯ ಮರೆಗೆ. ಬೂದಿ ಕವಿದು ಕತ್ತಲಾದರೆ ಟಾರ್ಚು, ಮಾಸ್ಕು, ಗಾಗಲು ಆಗ ಕೆಲಸಕ್ಕೆ ಬರುತ್ತವೆ. ಹಳ್ಳದ ದಾರಿ ಹಿಡಿಯಬೇಡಿ. ಸಹಾಯಕ್ಕೆ 119, ಪೊಲೀಸರಿಗೆ 110.

ಹೆಜ್ಜೆ 9: ಯುಮೊತೊದಲ್ಲಿ ಇಳಿಯಿರಿ

ಬೇಗ ಇಳಿದರೂ ಸರಿ, ಗಾಳಿಗೆ ಹೆದರಿ ಹತ್ತದಿದ್ದರೂ ಸರಿ, ಬಸ್ಸನ್ನು ಯುಮೊತೊದಲ್ಲಿ ಬಿಡಿ. ಇಲ್ಲಿಂದ ನಿಲ್ದಾಣಕ್ಕೆ ಬಸ್ಸು ಜಾಸ್ತಿ ಎಂದೆನಲ್ಲ, ಲೆಕ್ಕ ಕೆಡುವುದಿಲ್ಲ.

ಬಿಸಿನೀರಿನ ಹತ್ತಿರವೇ ಒಂದು ಬೋಳು ಕಣಿವೆ. ಅದರ ಕೊನೆಯಲ್ಲಿ ಒಂದು ಬಂಡೆ: ಸೆಶ್ಶೋಸೆಕಿ, ಕೊಲ್ಲುವ ಕಲ್ಲು. ಒಂಬತ್ತು ಬಾಲದ ನರಿಯೊಂದು ಸುಂದರಿಯ ವೇಷದಲ್ಲಿ ಜಪಾನಿನ ಅರಮನೆ ಸೇರಿ, ಸಿಕ್ಕಿಬಿದ್ದು, ಓಡಿ ಬಂದು ಇಲ್ಲಿ ಕಲ್ಲಾಯಿತು ಎಂಬ ಕಥೆ. ಸುತ್ತಲಿನ ವಿಷದ ಅನಿಲಕ್ಕೆ ಹಕ್ಕಿ, ಪ್ರಾಣಿಗಳು ಸಾಯುತ್ತಿದ್ದುದರಿಂದ ಹುಟ್ಟಿದ ಕಥೆ ಇರಬೇಕು. ನಮಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಜಪಾನಿಗೆ ಬರುವ ಮೊದಲು ಆ ನರಿ ಭಾರತದಲ್ಲಿತ್ತಂತೆ, ಹಾನ್‌ಝೊಕು ಎಂಬ ರಾಜಕುಮಾರನ ಮಡದಿಯಾಗಿ. ಹಾನ್‌ಝೊಕು ಬೇರೆ ಯಾರೂ ಅಲ್ಲ, ನಮ್ಮ ಪುರಾಣಗಳ ಕಲ್ಮಾಷಪಾದ. ನರಮಾಂಸ ತಿನ್ನುವ ಆ ರಾಜನ ಕಥೆ ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಇಲ್ಲಿಯವರೆಗೆ ನಡೆದು ಬಂದಿದೆ. 2022ರ ಮಾರ್ಚ್‌ನಲ್ಲಿ ಈ ಕಲ್ಲು ಎರಡಾಗಿ ಸೀಳಿತು. ನರಿ ಹೊರಗೆ ಬಂತು ಎಂದು ಜಪಾನೆಲ್ಲ ತಮಾಷೆ ಮಾಡಿತು.

ಪಕ್ಕದಲ್ಲೇ ಶಿಕಾನೋಯು, ಜಿಂಕೆಯ ಸ್ನಾನ. ಗಾಯಗೊಂಡ ಜಿಂಕೆ ಈ ನೀರಿನಲ್ಲಿ ನಿಂತದ್ದನ್ನು ಬೇಟೆಗಾರ ಕಂಡನೆಂದು ಆ ಹೆಸರು. ಹಳೆಯ ಮರದ ಮನೆ, ಹಾಲಿನ ಬಣ್ಣದ ಗಂಧಕದ ನೀರು. 41 ಡಿಗ್ರಿಯಿಂದ 48ರವರೆಗೆ ಬೇರೆ ಬೇರೆ ತೊಟ್ಟಿಗಳು. 41ರಲ್ಲಿ ಶುರು ಮಾಡಿ. 48ರಲ್ಲಿ ಆರಾಮಾಗಿ ಕೂತಿರುವ ಅಜ್ಜಂದಿರನ್ನು ನೋಡಿ ಸ್ಪರ್ಧೆಗೆ ಇಳಿಯಬೇಡಿ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆ, ಮೈಮೇಲೆ ಬಟ್ಟೆ ಇರಬಾರದು. ಸೋಪು ಹಚ್ಚುವ ಹಾಗಿಲ್ಲ. ಬೆಳ್ಳಿಯ ಕಾಲುಂಗುರ, ಕಾಲ್ಗೆಜ್ಜೆ, ಉಂಗುರ ಮೊದಲೇ ಬಿಚ್ಚಿ ಚೀಲಕ್ಕೆ ಹಾಕಿ. ಗಂಧಕ ತಾಗಿದರೆ ಒಂದೇ ಮುಳುಗಿಗೆ ಕಪ್ಪಾಗುತ್ತವೆ, ಮನೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಒದ್ದೆ ಟವೆಲ್ಲಿಗೆ ಒಂದು ಪ್ಲಾಸ್ಟಿಕ್ ಚೀಲ ತಂದಿರಿ, ಬಾಯಿ ಬಿಗಿಯಾಗಿ ಕಟ್ಟಿ. ಆ ವಾಸನೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಉತ್ಸುನೊಮಿಯಾದಲ್ಲಿ ರೈಲು ಬದಲಿಸುವಾಗ ಪಕ್ಕದ ಸೀಟು ಖಾಲಿ ಉಳಿದರೆ ಯಾಕೆಂದು ಯೋಚಿಸಬೇಡಿ, ಕಾಲು ಚಾಚಿ.